ಮಿಕ್ಕ ಅರ್ಧ

ಸೊಸೆಯ ಕತ್ತು ಹಿಡಿದುಕೊಂಡದ್ದು ಒಂದು ಮಂಗಳವಾರ, ಪರದೆ ಹೊಲಿಯುವ ಕಾರ್ಖಾನೆಯಲ್ಲಿ, ಊಟದ ಗಂಟೆಗೆ ಇನ್ನು ಹತ್ತು ನಿಮಿಷ ಇರುವಾಗ. ಯಾವುದೋ ಹೋಟೆಲಿನ ಸಭಾಂಗಣಕ್ಕೆಂದು ನಲವತ್ತು ಪರದೆ. ಒಂದೊಂದೂ ಒದ್ದೆ ಕಂಬಳಿಯಷ್ಟು ಭಾರ, ಅಂಚು ನೇರ ನಿಲ್ಲಲೆಂದು ಕೆಳಮಡಿಕೆಯೊಳಗೆ ಸೀಸದ ಬಿಲ್ಲೆ ಬೇರೆ. ಎಡಗೈಯಲ್ಲಿ ಬಟ್ಟೆ ಎಳೆಯುತ್ತ, ಬಲಗೈಯಲ್ಲಿ ಮಡಿಕೆ ಒತ್ತುತ್ತ, ತಲೆ ಬಗ್ಗಿಸಿ ಹನ್ನೊಂದು ವರ್ಷ ಕೂತವಳು. ಮೇಲ್ವಿಚಾರಕಿ ಬಲಗಡೆಯಿಂದ ಕರೆದಳು. ತಿರುಗಿದಳು. ತಿರುಗಿದ ಕತ್ತು ವಾಪಸು ಬರಲಿಲ್ಲ.

ಬಸ್ಸಿನಲ್ಲಿ ಬಲಗಡೆಗೆ ಕೂತಿದ್ದ ಮನುಷ್ಯ, ಈ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆಂದು ಎರಡು ಸಲ ಕೆಮ್ಮಿ, ಎದ್ದು ಹಿಂದಿನ ಸೀಟಿಗೆ ಹೋದ. ಅವರ ಮನೆ ಮೂರನೆಯ ಮಹಡಿ. ಕಟ್ಟಡದ ಲಿಫ್ಟ್ ಕೆಟ್ಟು ಐದು ತಿಂಗಳಾಗಿತ್ತು. ಅವಳ ಗಂಡ ಊರಿನವರ ಲಿಫ್ಟ್‌ಗಳನ್ನೆಲ್ಲ ರಿಪೇರಿ ಮಾಡುವವನು. ತನ್ನ ಕಟ್ಟಡದ್ದನ್ನು ಮುಟ್ಟಲು ಮಾಲೀಕನ ಅನುಮತಿ ಇರಲಿಲ್ಲ. ದೀಪದ ಬುಡ ಕತ್ತಲೆ ಎಂದು ನೆರೆಯವರು ನಗುತ್ತಿದ್ದರು.

ಬಾಗಿಲು ತೆಗೆದ ಅತ್ತೆ ಕೇಳಿದರು, "ಯಾರನ್ನ ನೋಡ್ತಿದೀಯೇ ಅಲ್ಲಿ?"

"ಯಾರನ್ನೂ ಇಲ್ಲ ಅತ್ತೆ. ಕತ್ತು ತಿರುಗ್ತಿಲ್ಲ."

ಅತ್ತೆ ಕೈ ಒರೆಸಿಕೊಂಡು ಚಪ್ಪಲಿ ಹಾಕಿಕೊಂಡರು. "ನಡಿ ಡಾಕ್ಟರ ಹತ್ರ. ಮನೇಲಿ ಎಣ್ಣೆ ತಿಕ್ಕಿ ನೋಡೋಣ ಅಂದ್ರೆ ನಾಳೆ ನನ್ನ ಮಗನೇ ನನ್ನ ಕತ್ತು ಹಿಡೀತಾನೆ."

ಕ್ಲಿನಿಕ್ಕಿನ ಡಾಕ್ಟರಮ್ಮ ಭುಜದ ಮೇಲಿನ ಗಂಟನ್ನು ಎರಡು ಬೆರಳಿನಲ್ಲಿ ಒತ್ತಿದರು. ಸೊಸೆಗೆ ಕಣ್ಣಲ್ಲಿ ನೀರು ಬಂತು. "ಸ್ನಾಯು ಹಗ್ಗದ ಹಾಗೆ ಬಿಗಿದಿದೆ. ಅದನ್ನ ಸಡಿಲ ಮಾಡೋ ಮಾತ್ರೆ ಬರೀತೀನಿ. ರಾತ್ರಿ ಊಟ ಆದ್ಮೇಲೆ ಒಂದು. ಚೆನ್ನಾಗಿ ನಿದ್ದೆ ಬರುತ್ತೆ, ಮಾರನೇ ದಿನವೂ ಸ್ವಲ್ಪ ಮಂಪರು ಇರಬಹುದು. ಹೊಲಿಗೆ ಮೆಷೀನ್ ಮುಟ್ಟಬೇಡಿ. ಏಳು ದಿನ ಬಿಟ್ಟು ಬನ್ನಿ."

ತಲೆ ಹಿಂದಕ್ಕೆ ವಾಲಿಸಲಾಗದೆ ಮಾತ್ರೆ ನುಂಗುವುದೇ ಕಷ್ಟವಾಗಿತ್ತು. ಪುಡಿ ಮಾಡಬಹುದೇ ಎಂದು ಔಷಧದಂಗಡಿಯವನನ್ನು ಸೊಸೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಅವಳ ಸ್ವಭಾವವೇ ಹಾಗೆ. ಬೀಗ ಹಾಕಿ ನಾಲ್ಕು ಮೆಟ್ಟಿಲಿಳಿದು ಮತ್ತೆ ಹತ್ತಿ ಬೀಗ ಎಳೆದು ನೋಡುವವಳು. ಮನೆಯಲ್ಲಿ ಎಷ್ಟು ಮೊಟ್ಟೆ, ಎಷ್ಟು ಬೆಂಕಿಕಡ್ಡಿ, ಮಗಳ ಎಷ್ಟು ಕಾಲುಚೀಲ, ಎಲ್ಲ ಅವಳ ಲೆಕ್ಕದಲ್ಲಿರುತ್ತಿತ್ತು.

ಆ ರಾತ್ರಿ ಅತ್ತೆ ಎರಡು ಚಮಚಗಳ ನಡುವೆ ಮಾತ್ರೆ ಒತ್ತಿ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಕೊಟ್ಟರು. ಹದಿಮೂರು ವರ್ಷದ ಮಗಳು ಚಮಚವನ್ನೇ ನೋಡುತ್ತಿದ್ದಳು. ಸಿಹಿ ಎಲ್ಲಿದ್ದರೂ ಹಾಜರಾಗುವ ಅವಳಿಗೆ ಮನೆಯಲ್ಲಿ 'ಇರುವೆ' ಎಂದೇ ಹೆಸರು.

"ಚಮಚ ನೆಕ್ಕಲಾ ಅಜ್ಜಿ?"

"ನೆಕ್ಕು, ನಾಳೆ ಶಾಲೆಯಲ್ಲಿ ಬೆಂಚಿನ ಮೇಲೆ ಬಿದ್ದುಕೊಂಡಿರ್ತೀಯ!"

ಮಾರನೆಯ ಬೆಳಿಗ್ಗೆ ಸೊಸೆಗೆ ಎಚ್ಚರವಾದಾಗ ಒಂಬತ್ತು ಗಂಟೆ. ಅತ್ತೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ನೀರಿನ ಲೋಟ ಇಟ್ಟುಕೊಂಡು ಕೂತಿದ್ದರು. ಅವರ ಮುಖ ಬಿಳಚಿಕೊಂಡಿತ್ತು.

"ಎಷ್ಟು ಸಲ ಕರೆದೆ ಗೊತ್ತಾ? ಕೆನ್ನೆ ತಟ್ಟಿದೆ, ನೀರು ಚಿಮುಕಿಸಿದೆ. ಮೂಗಿನ ಹತ್ರ ಬೆರಳಿಟ್ಟು ನೋಡ್ದೆ."

"ನಿದ್ದೆ ಬರುತ್ತೆ ಅಂತ ಡಾಕ್ಟರು ಹೇಳಿದ್ರಲ್ಲ ಅತ್ತೆ."

"ಹೇಳೋರಿಗೇನು, ನಿನ್ನನ್ನ ಎಬ್ಬಿಸೋಕೆ ಅವರು ಬಂದಿದ್ರಾ?"

ಮಾರನೆಯ ದಿನದಿಂದ ಅಂಥ ನಿದ್ದೆ ಬರಲಿಲ್ಲ. ಆರಕ್ಕೆಲ್ಲ ಎಚ್ಚರವಾಗುತ್ತಿತ್ತು. ಮೈಗೆ ಮಾತ್ರೆ ಒಗ್ಗಿತು ಎಂದುಕೊಂಡಳು. ಕಾರ್ಖಾನೆಯಲ್ಲಿ ಮೆಷೀನ್ ಬಿಟ್ಟು ಪರದೆಗೆ ಕಂಬಿಯಲ್ಲಿ ತೂಗುಹಾಕುವ ಬಳೆ ಹೊಲಿಯುವ ಕೈಕೆಲಸ ಕೊಟ್ಟರು. ಮನೆಗೆಲಸವನ್ನು ಅತ್ತೆ ಅವಳಿಗೆ ಬಿಡಲಿಲ್ಲ. ತರಕಾರಿ ಚೀಲ ಹೊತ್ತು ಮೂರು ಮಹಡಿ, ಒಗೆದ ಬಟ್ಟೆಯ ಬಕೆಟ್ ಹೊತ್ತು ತಾರಸಿ, ಅಡುಗೆ, ಪಾತ್ರೆ. ಅರವತ್ತೆಂಟರ ಭುಜ ಎರಡೂ ಸಂಜೆಯ ಹೊತ್ತಿಗೆ ಕಿವಿಯ ತನಕ ಏರಿ ನಿಂತಿರುತ್ತಿದ್ದವು. ಕೇಳಿದರೆ, "ನನಗೇನಾಗಿದೆ? ಗುಂಡುಕಲ್ಲು" ಎನ್ನುತ್ತಿದ್ದರು.

ಊಟದ ಮೇಜಿನಲ್ಲಿ ಸೊಸೆಯ ಕುರ್ಚಿ ಗೋಡೆಯ ಕಡೆ. ಅಡುಗೆಮನೆ ಅವಳ ಎಡಕ್ಕೆ. ಎಡಕ್ಕೆ ಕತ್ತು ತಿರುಗುತ್ತಿರಲಿಲ್ಲ. ಎಲ್ಲವನ್ನೂ ಒಂದು ಕಣ್ಣಿಟ್ಟು ನೋಡುತ್ತಿದ್ದವಳಿಗೆ ಈಗ ಅತ್ತೆ ಬರೀ ಸದ್ದಾಗಿಬಿಟ್ಟಿದ್ದರು: ಚಮಚದ ಕಿಟಿಕಿಟಿ, ಡಬ್ಬಿಯ ಮುಚ್ಚಳ, ನಲ್ಲಿ. ಹತ್ತಿರ ಬಂದು ಎದುರು ನಿಂತಾಗಲೇ ಮುಖ ಕಾಣುತ್ತಿದ್ದುದು.

ಊಟ ಮುಗಿದ ಮೇಲೆ ಅತ್ತೆ ಎಲ್ಲರ ತಟ್ಟೆ ಒಟ್ಟುಮಾಡುತ್ತಿದ್ದರು. ಇರುವೆ ಬಿಟ್ಟ ಬ್ರೆಡ್ಡಿನ ಅಂಚು, ಮಗ ಬಿಟ್ಟ ಅರ್ಧ ಆಲೂಗಡ್ಡೆ, ತಳದ ಒಂದು ಸೌಟು ಬೇಳೆ, ಎಲ್ಲ ಒಂದು ಬಟ್ಟಲಿಗೆ. ಬೆಳಿಗ್ಗೆ ಚಹಾ ಜೊತೆ ಅದೇ ಅವರ ತಿಂಡಿ, ಹಿಂದೆಯೇ ರಕ್ತದೊತ್ತಡದ ಮಾತ್ರೆ. ಆ ಮನೆಯ ಕಸದ ಬುಟ್ಟಿ ವರ್ಷವಿಡೀ ಉಪವಾಸ ಇರುತ್ತದೆ ಎಂದು ಮಗ ತಮಾಷೆ ಮಾಡುತ್ತಿದ್ದ.

ಐದನೆಯ ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು.

"ಅಮ್ಮಾ, ಸಮುದ್ರ ಬಡಿಸಿದೀಯಲ್ಲ" ಎಂದ ಮಗ.

"ನಿನ್ನ ನಾಲಿಗೆ ಕೆಟ್ಟಿದೆ" ಎಂದರು. ಆದರೆ ತಾವೇ ಒಂದು ತುತ್ತು ತಿಂದು, ಸುಮ್ಮನೆ ತಟ್ಟೆ ನೋಡುತ್ತ ಕೂತರು.

ಮರುದಿನ ಅತ್ತೆ ನಲ್ಲಿ ನಿಲ್ಲಿಸಲು ಮರೆತು, ಹರಿದ ನೀರಿಗೆ ಮೆಟ್ಟಿಲ ಕೆಳಗೆ ಕೆಳಮನೆಯವರ ಕಾಲೊರೆಸು ನೆನೆಯಿತು. ಅದರ ಮರುದಿನ ಇರುವೆ ಶಾಲೆಯಿಂದ ಬಂದಾಗ ಅಜ್ಜಿ ಬಟಾಣಿ ಸುಲಿಯುತ್ತ ಸುಲಿಯುತ್ತಲೇ ನಿದ್ದೆಹೋಗಿದ್ದರು. ಕೈಯಲ್ಲಿ ತೆರೆದ ಬಟಾಣಿಕಾಯಿ ಹಾಗೇ ಇತ್ತು. ಎಬ್ಬಿಸಿದರೆ, "ಬೆಳಗಾಯ್ತಾ?" ಎಂದರಂತೆ. ನಡೆಯುವಾಗ ಗೋಡೆಗೆ ಕೈ ತಾಗಿಸಿಕೊಂಡು ನಡೆಯುತ್ತಿದ್ದರು.

ಏಳು ದಿನವಾದ ಮೇಲೆ ಡಾಕ್ಟರಮ್ಮ ಸೊಸೆಯ ಕತ್ತು ಹಿಡಿದು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಇಷ್ಟು ಹೊತ್ತಿಗೆ ಇನ್ನೂ ಸಡಿಲ ಆಗಬೇಕಿತ್ತು. ಮಾತ್ರೆ ಸರಿಯಾಗಿ ತಗೋತಿದೀರಾ?"

"ಒಂದು ದಿನಾನೂ ತಪ್ಪಿಲ್ಲ. ನಮ್ಮತ್ತೆನೇ ಪುಡಿ ಮಾಡಿ ಕೊಡ್ತಾರೆ."

"ಪುಣ್ಯ ಮಾಡಿದೀರಿ. ಇನ್ನೂ ಹದಿನಾಲ್ಕು ಬರೀತೀನಿ."

ಗುರುವಾರ ಸಂಜೆ ಅವಳು ಮೆಟ್ಟಿಲು ಹತ್ತುವಾಗಲೇ ಸುಟ್ಟ ವಾಸನೆ. ಮೂರನೆಯ ಮಹಡಿಯಲ್ಲಿ ಬಾಗಿಲು ಹಾರು ಹೊಡೆದಿತ್ತು. ಇರುವೆ ಕಿಟಕಿಗಳನ್ನೆಲ್ಲ ತೆಗೆದು, ಪುಸ್ತಕದಿಂದ ಹೊಗೆ ಬೀಸುತ್ತಿದ್ದಳು. ಹಾಲಿನ ಪಾತ್ರೆ ಕರಿ ಇದ್ದಿಲಾಗಿ ನೀರಿನ ತೊಟ್ಟಿಯಲ್ಲಿ ಚುಸ್ಸೆನ್ನುತ್ತಿತ್ತು. ಅತ್ತೆ ಒಲೆಯ ಪಕ್ಕದ ಮಣೆಯ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ನಾನು ಬಂದಾಗ ಅಜ್ಜಿ ಒಲೆ ಎದುರೇ ನಿದ್ದೆ ಮಾಡ್ತಿದ್ಲು ಅಮ್ಮ. ಸೆರಗು ಇಷ್ಟು ದೂರದಲ್ಲಿತ್ತು." ಹುಡುಗಿ ಬೆರಳುಗಳಲ್ಲಿ ಅಳತೆ ತೋರಿಸಿದಳು. ಒಂದು ಗೇಣೂ ಇರಲಿಲ್ಲ.

ಆ ಸಂಜೆ ಗಂಡ ಹೆಂಡತಿಗೆ ಜಗಳವಾಯಿತು.

"ನಾನು ಕೆಲಸ ಬಿಡ್ತೀನಿ" ಎಂದಳು ಸೊಸೆ.

"ಬಿಟ್ಟು? ಒಲೆ ಮುಂದೆ ಕಾವಲು ಕೂತ್ಕೋತೀಯಾ? ತಲೆ ಬಲಕ್ಕೇ ತಿರುಗೋದು, ಒಲೆ ಎಡಕ್ಕಿದೆ."

"ನಿಮಗೆಲ್ಲ ತಮಾಷೆ. ನೀವಾದ್ರೂ ಒಂದು ಹೊತ್ತು ಪಾತ್ರೆ ತೊಳೆದಿದ್ರೆ ಆ ಮುದುಕಿ ಇಷ್ಟು ಸುಸ್ತಾಗ್ತಿರಲಿಲ್ಲ."

"ಯಾರನ್ನ ಮುದುಕಿ ಅಂತೀಯ?"

"ನಿಮ್ಮ ಅಮ್ಮನ್ನ! ಅರವತ್ತೆಂಟು ವರ್ಷ ಅವರಿಗೆ. ನಿಮಗೆ ಗೊತ್ತಾ ಅದು?"

ಅವನು ಕಪ್ಪಾದ ಪಾತ್ರೆ ತೆಗೆದುಕೊಂಡು, ಲಿಫ್ಟ್‌ನ ತುಕ್ಕು ತೆಗೆಯುವ ಉಜ್ಜುಕಾಗದದಿಂದ ತಿಕ್ಕತೊಡಗಿದ. "ಎರಡು ಮಹಡಿ ಮಧ್ಯ ಸಿಕ್ಕಿಕೊಂಡ ಹಾಗಾಯ್ತು ನನ್ನ ಬಾಳು" ಎಂದು ಪಾತ್ರೆಗೆ ಹೇಳಿದ.

ಭಾನುವಾರ ನಾದಿನಿ ಬಂದಳು. ಶಾಲೆಯೊಂದರ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವವಳು; ಮನೆಯಲ್ಲೂ ಎಲ್ಲರ ಹಾಜರಿ ತೆಗೆದುಕೊಳ್ಳುವ ಧಾಟಿ. ಕೂತವಳೇ ಹೇಳಿದಳು, "ಅಣ್ಣ, ಸುತ್ತು ಬಳಸಿ ಮಾತಾಡೋದು ಬೇಡ. ಅಮ್ಮನ ಅಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಉಪ್ಪು, ಆಮೇಲೆ ಒಲೆ, ಆಮೇಲೆ ಮಕ್ಕಳ ಮುಖ."

"ಅಮ್ಮ ಇಲ್ಲೇ ಇದಾರೆ" ಎಂದಳು ಸೊಸೆ. ಅತ್ತೆ ಮೇಜಿನ ಎಡತುದಿಯಲ್ಲಿದ್ದರು. ನೋಡಬೇಕೆಂದರೆ ಅವಳು ಕುರ್ಚಿಯನ್ನೇ ತಿರುಗಿಸಬೇಕು.

"ಇರಲಿ ಅತ್ತಿಗೆ, ಅಮ್ಮ ಕೇಳಿಸ್ಕೊಳ್ಳಲಿ. ಅರವತ್ತಕ್ಕೆ ಅರಳು ಮರಳು ಅಂತಾರೆ, ಅಮ್ಮನಿಗೆ ಎಂಟು ವರ್ಷ ತಡವಾಗೇ ಬಂದಿದೆ. ಬರೋ ಶನಿವಾರ ಕರ್ಕೊಂಡು ಹೋಗ್ತೀನಿ. ಒಂದು ಕೋಣೆ ಇದೆ, ಒಲೆ ಹತ್ರ ಬಿಡಲ್ಲ. ನಮ್ಮ ಕಟ್ಟಡದಲ್ಲಿ ಲಿಫ್ಟೂ ಇದೆ."

"ಕುಟುಕು, ಕುಟುಕು" ಎಂದ ಅಣ್ಣ.

ಎಲ್ಲರೂ ಅತ್ತೆಯ ಮಾತಿಗೆ ಕಾದರು. ಉಪ್ಪಿನ ವಿಷಯದಲ್ಲಿ, ಪರದೆಯ ಬಣ್ಣದಲ್ಲಿ, ಮೊಮ್ಮಗಳ ಜಡೆಯಲ್ಲಿ, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಯಾರ ಮಾತನ್ನೂ ಒಪ್ಪದವರು ಮೆಲ್ಲಗೆ ಹೇಳಿದರು, "ಸರಿ. ನೀವು ಹೇಗೆ ಹೇಳ್ತೀರೋ ಹಾಗೆ."

ಸೊಸೆಗೆ ಹೊಗೆ ನೋಡಿದಾಗಲೂ ಆಗದಷ್ಟು ಹೆದರಿಕೆ ಆಗಲೇ ಆದದ್ದು.

ನಾದಿನಿ ಹೋದ ಮೇಲೆ ಇರುವೆ ತಾಯಿಯ ಬಲಗಡೆಗೆ ಬಂದು ನಿಂತು ಪಿಸುಗುಟ್ಟಿದಳು. "ಅಮ್ಮ, ಅಜ್ಜಿ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಕೊಂಡು ನಮ್ಮೆಲ್ಲರ ಹುಟ್ಟಿದ ದಿನ ಹೇಳ್ಕೋತಾಳೆ. ಅಪ್ಪಂದು, ಅತ್ತೇದು, ನಿಂದು, ನಂದು. ಮತ್ತೆ ಮೊದಲಿಂದ."

"ತಪ್ಪು ಹೇಳ್ತಾರಾ?"

"ಇಲ್ಲ. ನಂದು ಮಾತ್ರ ಗಂಟೆ, ನಿಮಿಷದ ಸಮೇತ ಹೇಳ್ತಾಳೆ."

ಆ ಸಂಜೆಯಿಂದ ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಯಾರೂ ಬೇಡವೆನ್ನುವ ಮೊದಲೇ ತಾವೇ ಹೊರಗೆ ಕೂತರು. ಗಂಡ ಅನ್ನ ಮಾಡಿದ. ತಳ ಹಿಡಿದ ಅನ್ನ ಆರೋಗ್ಯಕ್ಕೆ ಒಳ್ಳೆಯದೆಂದು ವಾದಿಸಿದ. ಊಟವಾದ ಮೇಲೆ ಸೊಸೆ ತನ್ನ ಮಾತ್ರೆಯನ್ನು ತಾನೇ ಎರಡು ಚಮಚಗಳ ನಡುವೆ ಒತ್ತಿ, ಜೇನಿನಲ್ಲಿ ಕಲಸಿ ತಿಂದಳು. ಎಂದಿಗಿಂತ ಹೆಚ್ಚು ಕಹಿಯಾಗಿತ್ತು. ಕಲಸುವ ಕೈಗುಣ ತನಗಿಲ್ಲ ಎಂದುಕೊಂಡಳು.

ಸೋಮವಾರ ಗಂಡ ಎಬ್ಬಿಸಿದಾಗ ಎಂಟೂವರೆ. ತಲೆಯೊಳಗೆ ಯಾರೋ ಒದ್ದೆ ಹತ್ತಿ ತುಂಬಿದ ಹಾಗಿತ್ತು. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಇರುವೆಗೆ ಸಂತೋಷವಾಯಿತು; ಗಂಡ ಲೋಟ ಕೆಳಗಿಟ್ಟು, "ಅತ್ತೆ ರೋಗ ಸೊಸೆಗೂ ಅಂಟಿತಾ?" ಎಂದ. ಕಾರ್ಖಾನೆಯಲ್ಲಿ ಒಂದೇ ಕುಣಿಕೆಗೆ ಎರಡು ಬಳೆ ಹೊಲಿದಿಟ್ಟು, ಸೂಜಿ ಹಿಡಿದೇ ತೂಕಡಿಸಿದಳು. ಮೇಲ್ವಿಚಾರಕಿ ಮಧ್ಯಾಹ್ನವೇ ಮನೆಗೆ ಕಳಿಸಿದಳು. ಮೆಟ್ಟಿಲು ಹತ್ತುವಾಗ ಗೋಡೆಗೆ ಕೈ ತಾಗಿಸಿಕೊಂಡೇ ಹತ್ತಿದಳು.

ಮಂಗಳವಾರವೂ ಅಷ್ಟೇ. ಆದರೆ ಕತ್ತು ಮಾತ್ರ ಹನ್ನೆರಡು ದಿನದಲ್ಲಿ ಆಗದಷ್ಟು ಎರಡೇ ದಿನದಲ್ಲಿ ಸಡಿಲವಾಗಿತ್ತು.

ಬುಧವಾರ ಅವಳು ರಜೆ ಹಾಕಿದಳು. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಮಣೆಯ ಮೇಲೆ ಕೂತು, ಒಂದು ನಿಮಿಷ ಕಣ್ಣು ಮುಚ್ಚಿದಳು ಅಷ್ಟೇ.

"ಹಾಲು ಉಕ್ಕತ್ತೆ ಕಣೇ! ಒಲೆ ಆರಿಸು!"

ಕೂಗಿದವರು ಅತ್ತೆ. ಹೊರಕೋಣೆಯಿಂದ, ವಾಸನೆಯಲ್ಲೇ ಹಿಡಿದಿದ್ದರು. ಸೊಸೆ ಧಡಕ್ಕನೆ ಎದ್ದು ಒಲೆ ಆರಿಸಿ, ಅಂಚಿನ ತನಕ ಬಂದು ನಿಂತ ಹಾಲನ್ನು ನೋಡುತ್ತ ನಿಂತಳು. ಮಣೆ ನೋಡಿದಳು. ಅದೇ ಮಣೆ. ಅದೇ ನಿದ್ದೆ. ಆ ನಿದ್ದೆ ಎಲ್ಲಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು.

ಹೊರಗೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಬೆರಳು ಚಕಚಕನೆ ಓಡುತ್ತಿದ್ದವು. ಪಕ್ಕದಲ್ಲಿ ಶನಿವಾರಕ್ಕೆಂದು ಕಟ್ಟಿಟ್ಟ ಬಟ್ಟೆಯ ಚೀಲ. ಸೊಸೆ ಎದುರಿಗೆ ಕೂತಳು.

"ಅತ್ತೆ, ನನಗೆ ದಿನಾ ಎಷ್ಟು ಮಾತ್ರೆ ಪುಡಿ ಮಾಡ್ತಿದ್ರಿ?"

"ಈಗ್ಯಾಕೆ ಅದು?"

"ಹೇಳಿ."

ಬೆರಳು ನಿಂತವು. "ಅರ್ಧ. ಮೊದಲ್ನೇ ದಿನ ನಿನ್ನನ್ನ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಅರ್ಧ ಸಾಕು ಅನ್ನಿಸ್ತು. ಬೈಯೋದಾದ್ರೆ ಬೈ."

"ಬೈತೀನಿ, ಆಮೇಲೆ. ಇನ್ನರ್ಧ ಮರುದಿನಕ್ಕೆ ಇಡ್ತಿದ್ರಾ?"

"ಇಟ್ಟರೆ ಚೀಟಿಯ ಲೆಕ್ಕಕ್ಕಿಂತ ಮಾತ್ರೆ ಮಿಗ್ತಿತ್ತು. ನೀನು ಎಣಿಸ್ತೀಯಲ್ಲ! ಬೆಂಕಿಕಡ್ಡಿ ಎಣಿಸೋಳು ಮಾತ್ರೆ ಬಿಡ್ತೀಯಾ?"

"ಹಾಗಾದ್ರೆ ಇನ್ನರ್ಧ ಎಲ್ಲಿ ಹೋಯ್ತು?"

ಅತ್ತೆ ಅವಳನ್ನು ದಡ್ಡಿಯ ಹಾಗೆ ನೋಡಿದರು. "ಎಲ್ಲಿ ಹೋಗತ್ತೆ? ಈ ಮನೇಲಿ ನಾನು ಏನಾದ್ರೂ ಚೆಲ್ಲಿದ್ದು ನೋಡಿದೀಯಾ?"

"ಬೆಳಿಗ್ಗೆ? ಚಹಾ ಜೊತೆ?"

"ಬ್ರೆಡ್ಡಿನ ಅಂಚಿನ ಜೊತೆ. ಔಷಧ ತಾನೇ, ವಿಷ ಏನಲ್ಲವಲ್ಲ. ಸುಳ್ಳು ಯಾಕೆ ಹೇಳ್ಲಿ, ಎರಡು ದಿನ ಆದ್ಮೇಲೆ ಭುಜ ಹಗುರಾಗಿತ್ತು. ಬಕೆಟ್ ಎತ್ತೋಕೆ ಆಗ್ತಿತ್ತು. ಒಂದೇ ಏಟಿಗೆ ಎರಡು ಕೆಲಸ ಅಂತ..." ಅವರ ಮಾತು ನಿಧಾನವಾಯಿತು. ಅವರು ಒಳಗಿನ ಮಣೆಯ ಕಡೆ ನೋಡಿದರು, ಸೊಸೆಯ ಊದಿದ ಕಣ್ಣು ನೋಡಿದರು.

"ಬರೀ ಅರ್ಧ ಕಣೇ. ಅರ್ಧಕ್ಕೆ ಅಷ್ಟೊಂದು ಬರತ್ತಾ?"

"ನಿಮ್ಮ ವಯಸ್ಸಿಗೆ, ರಕ್ತದೊತ್ತಡದ ಮಾತ್ರೆ ಜೊತೆಗೆ, ಬೆಳಿಗ್ಗೆ ಹೊತ್ತು ತಿಂದ್ರೆ? ನನಗೆ ಗೊತ್ತಿಲ್ಲ ಅತ್ತೆ. ಡಾಕ್ಟರನ್ನ ಕೇಳೋಣ."

"ಹಾಗಾದ್ರೆ ನನಗೆ... ನಮ್ಮ ಅಮ್ಮನಿಗೆ ಆದ ಹಾಗೆ..."

"ಡಾಕ್ಟರು ಹೇಳ್ಲಿ. ಆದ್ರೆ ಮೂರು ದಿನದಿಂದ ನೀವು ಅದನ್ನ ತಿಂದಿಲ್ಲ. ಇವತ್ತು ಹಾಲು ಉಳಿಸಿದ್ದು ನೀವು."

ಅತ್ತೆ ಒಂದು ಬಟಾಣಿಕಾಯಿ ಬಿಡಿಸಿದರು. ಕಾಳು ಬಟ್ಟಲಿಗೆ ಬೀಳದೆ ನೆಲಕ್ಕೆ ಉರುಳಿದವು. ಅವರು ಬಗ್ಗಿ ಹೆಕ್ಕಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತರು. ಅವರ ಭುಜ ಅಲುಗುತ್ತಿತ್ತು. ಸೊಸೆ ಕಾಳು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಿದಳು.

"ನಿಮಗೆ ಭುಜ ನೋವು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ನಿನ್ನ ಕತ್ತು ಒಂದು ಕಡೆ, ನನ್ನ ಭುಜ ಒಂದು ಕಡೆ. ಅನ್ನ ಮಾಡೋರು ಯಾರು? ನಿನ್ನ ಗಂಡನ ಅನ್ನ ತಿಂದೆಯಲ್ಲ ಮೂರು ದಿನ."

ಇಬ್ಬರಿಗೂ ನಗು ಬಂತು. ಅತ್ತೆಗೆ ಅಳುವಿನ ನಡುವೆಯೇ ಬಂದದ್ದರಿಂದ ಬಿಕ್ಕಳಿಕೆ ಹತ್ತಿಕೊಂಡು, ನೀರು ಕುಡಿಸಬೇಕಾಯಿತು.

ಗುರುವಾರ ಡಾಕ್ಟರಮ್ಮ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಬೈದರು. ಅತ್ತೆಯ ರಕ್ತದೊತ್ತಡ ನೋಡಿದರು, ದಿನ ವಾರ ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಅತ್ತೆ ಎರಡರ ತನಕ ಕಳೆದು, "ಇನ್ನೇನು ಉಳಿದಿಲ್ಲ" ಎಂದರು.

"ತಲೆ ನೆಟ್ಟಗಿದೆ ಅಜ್ಜಿ. ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರು ತಿನ್ನಬಾರದು. ನಿಮ್ಮ ವಯಸ್ಸಿಗಂತೂ ಇದು ಬಿದ್ದು ಸೊಂಟ ಮುರ್ಕೊಳ್ಳೋ ದಾರಿ. ನಿಮ್ಮ ಭುಜಕ್ಕೆ ಬಿಸಿನೀರಿನ ಶಾಖ, ದಿನಾ ಹತ್ತು ಸಲ ಕೈ ಸುತ್ತಿಸೋದು, ಬಕೆಟ್ ಮಗನ ಕೈಗೆ. ಒಂದು ತಿಂಗಳು ಬಿಟ್ಟು ಬನ್ನಿ, ಇನ್ನೊಂದು ಸಲ ನೋಡ್ತೀನಿ." ಸೊಸೆಗೆ, "ಕತ್ತು ಬಿಟ್ಟುಕೊಂಡಿದೆ. ಇವತ್ತಿನದೇ ಕೊನೆಯ ಮಾತ್ರೆ" ಎಂದರು.

ಶನಿವಾರ ನಾದಿನಿ ಬಂದಾಗ ಒಲೆಯ ಮುಂದೆ ಅತ್ತೆಯಿದ್ದರು. ಬಕೆಟ್ ಹೊತ್ತು ತಾರಸಿಯಿಂದ ಇಳಿದ ಅಣ್ಣ ಏದುಸಿರು ಬಿಡುತ್ತಿದ್ದ. ಫೋನಿನಲ್ಲಿ ಎಲ್ಲ ಕೇಳಿದ್ದರೂ ನಾದಿನಿ ಅನುಮಾನದಿಂದಲೇ ಬೇಳೆಯ ರುಚಿ ನೋಡಿದಳು.

"ಉಪ್ಪು ಕಡಿಮೆ ಆಯ್ತಲ್ಲಮ್ಮ."

"ನಿನ್ನ ನಾಲಿಗೆ ಕೆಟ್ಟಿದೆ" ಎಂದರು ಅತ್ತೆ.

ನಾದಿನಿ ತಟ್ಟೆಯ ಮೇಲೆ ಬಗ್ಗಿದಳು. ಮೂಗು ಒರೆಸಿಕೊಳ್ಳುತ್ತ, "ಸರಿ, ಇಲ್ಲೇ ಇರು ನೀನು" ಎಂದಳು. ಇರುವೆ ಬಟ್ಟೆಯ ಚೀಲವನ್ನು ಕೋಣೆಗೆ ಎಳೆದುಕೊಂಡು ಹೋಗಿ ಒಂದೊಂದೇ ಬಿಚ್ಚಿ ಬೀರುವಿಗೆ ಸೇರಿಸಿದಳು.

ಸಂಜೆ ಅತ್ತೆ ಸೊಸೆ ಔಷಧದಂಗಡಿಗೆ ನಡೆದರು. ಉಳಿದ ನಾಲ್ಕು ಮಾತ್ರೆಗಳು ಅತ್ತೆಯ ಮುಷ್ಟಿಯಲ್ಲಿದ್ದವು. ಬೇಡವಾದ ಔಷಧ ಹಾಕಲು ಅಲ್ಲಿ ಬೀಗದ ಡಬ್ಬಿಯೊಂದಿತ್ತು.

"ಇವನ್ನ ಏನು ಮಾಡ್ತೀಯಪ್ಪ?"

"ಸುಟ್ಟುಹಾಕೋಕೆ ಕಳಿಸ್ತೀವಿ ಅಜ್ಜಿ."

"ನಾಲ್ಕೂ?"

"ನಾಲ್ಕೂ."

ಅತ್ತೆ ಡಬ್ಬಿಯ ಸೀಳಿನ ಮೇಲೆ ಕೈ ಇಟ್ಟರು. ಮುಷ್ಟಿ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಸೊಸೆ ಕಾದಳು, ಮುಟ್ಟಲಿಲ್ಲ. ಕೊನೆಗೆ ಒಳಗೆ ಟಪ್ ಎಂದು ಸದ್ದಾಯಿತು. ಅತ್ತೆ ಖಾಲಿ ಅಂಗೈ ಒಮ್ಮೆ ನೋಡಿಕೊಂಡು, ಸೀರೆಗೆ ಒರೆಸಿಕೊಂಡರು.

ಬೀದಿಯಲ್ಲಿ ಜನ ಮನೆಗೆ ಮರಳುತ್ತಿದ್ದರು. ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು. ಅತ್ತೆ ಸೊಸೆಯ ಎಡಗಡೆಯಲ್ಲಿ ನಡೆಯುತ್ತ, ಡಾಕ್ಟರು ಹೇಳಿದ ಹಾಗೆ ಭುಜ ಸುತ್ತಿಸುತ್ತ, ಮನಸ್ಸಿನಲ್ಲೇ ಎಣಿಸುತ್ತಿದ್ದರು. ಮೂರು, ನಾಲ್ಕು, ತುಟಿ ಅಲುಗುತ್ತಿತ್ತು. ಕಿವಿಯ ಹಿಂದೆ ಹೊಸದಾಗಿ ಬೆಳ್ಳಗಾದ ಕೂದಲು ಗಾಳಿಗೆ ಎದ್ದಿತ್ತು.

"ಏನೇ ನೋಡ್ತಿದೀಯ ಹಾಗೆ?"

"ಏನಿಲ್ಲ ಅತ್ತೆ. ಕತ್ತು ತಿರುಗತ್ತಾ ಅಂತ ನೋಡಿದೆ."

"ತಿರುಗಿತಲ್ಲ. ಇನ್ನು ಮುಂದೆ ನೋಡ್ಕೊಂಡು ನಡಿ" ಎಂದ ಅತ್ತೆ, ಎಷ್ಟಕ್ಕೆ ನಿಲ್ಲಿಸಿದ್ದೆನೆಂದು ಯೋಚಿಸಿ, ಐದರಿಂದ ಮುಂದುವರಿಸಿದರು.